ರಾವಣ ಸತ್ತ ಸುದ್ದಿ ಎರಡು ಸಲ ಬಂತು

2021ರ ಮೇ ತಿಂಗಳು. ಕೋವಿಡ್ ಎರಡನೇ ಅಲೆ ಎಲ್ಲರ ಮನೆ ಬಾಗಿಲಿಗೂ ಬಂದು ನಿಂತಿದ್ದ ಕಾಲ. ಬೆಳಗ್ಗೆ ಎದ್ದು ಫೋನ್ ನೋಡೋಕೆ ಭಯ, ಯಾರು ಹೋದರೋ ಅಂತ. ಅಂಥ ಒಂದು ದಿನ ಮೊಬೈಲಿನಿಂದ ಮೊಬೈಲಿಗೆ ಒಂದು ಸುದ್ದಿ ಹಾರಿತು. ರಮಾನಂದ ಸಾಗರ್ ಅವರ 'ರಾಮಾಯಣ'ದ ರಾವಣ, ಅರವಿಂದ್ ತ್ರಿವೇದಿ ಇನ್ನಿಲ್ಲ. ಫೋಟೊ ಬಂತು, ಕೈಮುಗಿದ ಇಮೋಜಿ ಬಂತು, ಓಂ ಶಾಂತಿ ಬಂತು. ಆಮೇಲೆ ಗೊತ್ತಾಯ್ತು, ಅದು ಸುಳ್ಳು. ಆ ಸುಳ್ಳನ್ನು ತಳ್ಳಿಹಾಕಿದ್ದು ಯಾರು ಗೊತ್ತಾ? ಲಕ್ಷ್ಮಣ! ಅದೇ ಧಾರಾವಾಹಿಯಲ್ಲಿ ಲಕ್ಷ್ಮಣನಾಗಿದ್ದ ಸುನಿಲ್ ಲಹರಿ ಸಾಮಾಜಿಕ ಜಾಲತಾಣದಲ್ಲಿ ಬರೆದು, ಅರವಿಂದ್‌ಜೀ ಚೆನ್ನಾಗಿದ್ದಾರೆ, ದಯವಿಟ್ಟು ಇಂಥ ಸುದ್ದಿ ಹರಡಬೇಡಿ ಅಂತ ಕೇಳಿಕೊಂಡರು. ರಾವಣನ ಜೀವಕ್ಕೆ ಲಕ್ಷ್ಮಣ ಗ್ಯಾರಂಟಿ ಕೊಡಬೇಕಾಯ್ತು, ನೋಡಿ.

ಐದು ತಿಂಗಳ ನಂತರ, ಅಕ್ಟೋಬರ್ 5ರ ರಾತ್ರಿ, ಮುಂಬೈನಲ್ಲಿ ಅವರು ನಿಜವಾಗಿಯೂ ತೀರಿಕೊಂಡರು. ವಯಸ್ಸು 82. ಮಾರನೇ ದಿನ ಮಹಾಲಯ ಅಮಾವಾಸ್ಯೆ. ಅದರ ಮಾರನೇ ದಿನದಿಂದ ನವರಾತ್ರಿ. ಉತ್ತರ ಭಾರತದಲ್ಲಿ ಬಿದಿರು, ಕಾಗದ, ಪಟಾಕಿ ತುಂಬಿ ರಾವಣನ ಬೊಂಬೆ ಕಟ್ಟುವ ಹೊತ್ತು.

ಸುದ್ದಿವಾಹಿನಿಗಳು ಆ ದಿನ ಏನು ಹೇಳಿದವು? 'ರಾವಣ ಪಾತ್ರಧಾರಿ ನಿಧನ.' ಅಷ್ಟೇ. ಆ ಮನುಷ್ಯನ ಹೆಸರು ಎರಡನೇ ಸಾಲಿನಲ್ಲಿ. ದಶಕಗಟ್ಟಲೆ ರಂಗಭೂಮಿ, ಸಿನಿಮಾ ಅಂತ ದುಡಿದವರು, ಗುಜರಾತಿ ಮತ್ತು ಹಿಂದಿ ಸೇರಿ ಮುನ್ನೂರರ ಹತ್ತಿರ ಸಿನಿಮಾ ಮಾಡಿದವರು ಅಂತ ಲೆಕ್ಕ ಹೇಳುತ್ತಾರೆ. ಲೋಕಸಭೆಯಲ್ಲಿ ಐದು ವರ್ಷ ಕೂತವರು. ದೇಶದ ಸೆನ್ಸಾರ್ ಮಂಡಳಿಯ ಹೊಣೆ ಹೊತ್ತವರು. ಇದೆಲ್ಲ ಒಂದು ಕಡೆ. ಟಿವಿಯಲ್ಲಿ ಕೆಲವೇ ತಿಂಗಳು ಹಾಕಿಕೊಂಡ ಒಂದು ಕಿರೀಟ ಇನ್ನೊಂದು ಕಡೆ. ತಕ್ಕಡಿ ಯಾವ ಕಡೆ ವಾಲಿತು ಅಂತ ಹೇಳಬೇಕಾಗಿಲ್ಲ.

ಇದು ಹೇಗಾಯ್ತು? ಸ್ವಲ್ಪ ಹಿಂದಕ್ಕೆ ಹೋಗೋಣ.

ಅರವಿಂದ್ ತ್ರಿವೇದಿ ಹುಟ್ಟಿದ್ದು 1938ರ ನವೆಂಬರ್ 8ರಂದು. ಬೇರು ಗುಜರಾತಿನ ಸಾಬರಕಾಂಠಾ ಜಿಲ್ಲೆಯ ಇಡರ್ ಸೀಮೆಯದು. ಅಣ್ಣ ಉಪೇಂದ್ರ ತ್ರಿವೇದಿ. ಈ ಹೆಸರು ನಮ್ಮಲ್ಲಿ ಅಷ್ಟು ಪರಿಚಯವಿಲ್ಲ. ಗುಜರಾತಿನಲ್ಲಿ ಕೇಳಿ ನೋಡಿ, ಮನೆಮಾತು. 1971ರ 'ಜೇಸಲ್ ತೋರಲ್' ಅನ್ನೋ ಸಿನಿಮಾ ಗುಜರಾತಿ ಚಿತ್ರರಂಗಕ್ಕೆ ಹೊಸ ಉಸಿರು ಕೊಟ್ಟಿತು ಅಂತಾರೆ, ಅದರ ನಾಯಕ ಈ ಉಪೇಂದ್ರ. ಮುಂದೆ ಅವರಿಗೆ ಪದ್ಮಶ್ರೀ ಬಂತು, ರಾಜಕೀಯಕ್ಕೂ ಬಂದು ಮಂತ್ರಿಯಾದರು. ಇಂಥ ಅಣ್ಣನ ನೆರಳಲ್ಲಿ ತಮ್ಮ ನಟನಾದ. ಅಣ್ಣ ಹೀರೊ, ತಮ್ಮನಿಗೆ ಬಂದಿದ್ದು ಹೆಚ್ಚಾಗಿ ಖಳನ ಪಾತ್ರ, ಪೋಷಕ ಪಾತ್ರ. ಗಟ್ಟಿ ದನಿ, ಎತ್ತರದ ನಿಲುವು, ದೊಡ್ಡ ಕಣ್ಣು. ಸಿನಿಮಾದವರು ಇಂಥವರನ್ನು ಕಂಡ ತಕ್ಷಣ ಮೀಸೆ ಅಂಟಿಸಿ ವಿಲನ್ ಮಾಡಿಬಿಡುತ್ತಾರೆ. ನಮ್ಮ ವಜ್ರಮುನಿಯವರಿಗೂ ಆಗಿದ್ದು ಅದೇ ಅಲ್ಲವಾ?

ಆ ದನಿ ಎಲ್ಲಿಂದ ಬಂತು ಅನ್ನೋದು ಮುಖ್ಯ. ಅದು ಮೈಕಿಗೆ ಹುಟ್ಟಿದ ದನಿ ಅಲ್ಲ, ರಂಗಭೂಮಿಯ ದನಿ. ಕೊನೆಯ ಬೆಂಚಿನಲ್ಲಿ ಕೂತವನಿಗೂ ಕೇಳಬೇಕು ಅಂತ ಹೊಟ್ಟೆಯಾಳದಿಂದ ಎತ್ತುವ ದನಿ. ನಮ್ಮಲ್ಲಿ ಗುಬ್ಬಿ ಕಂಪನಿ ಏನು ಮಾಡಿತೋ, ಅಲ್ಲಿ ಗುಜರಾತಿ ರಂಗಭೂಮಿ ಅದನ್ನು ಮಾಡಿತು. ಸಾಗರ್ ಅವರ ಲಂಕೆ ನಿಂತಿದ್ದೇ ಹೀಗೆ ಪಳಗಿದ ನಟರ ಮೇಲೆ.

ರಮಾನಂದ ಸಾಗರ್ ಹಿಂದಿ ಸಿನಿಮಾದ ಹಳೇ ಹುಲಿ. ಟಿವಿಗೆ ಬಂದಾಗ ಮೊದಲು ಮಾಡಿದ್ದು 'ವಿಕ್ರಮ್ ಔರ್ ಬೇತಾಳ್'. ಅದೊಂಥರ ರಾಮಾಯಣದ ರಿಹರ್ಸಲ್ ಅನ್ನಬಹುದು. ವಿಕ್ರಮನಾಗಿ ಅರುಣ್ ಗೋವಿಲ್. ಜೊತೆಗೆ ದೀಪಿಕಾ, ಸುನಿಲ್ ಲಹರಿ, ದಾರಾ ಸಿಂಗ್ ಎಲ್ಲ ಇದ್ದರು. ವಿಕ್ರಮನಿಗೆ ಹೆಣ ತರೋಕೆ ಹೇಳೋ ಆ ಯೋಗಿ ಇದ್ದಾನಲ್ಲ, ಅವನೇ ಅರವಿಂದ್ ತ್ರಿವೇದಿ. ಆಗ ಯಾರೂ ಹೆಸರು ನೆನಪಿಟ್ಟುಕೊಳ್ಳಲಿಲ್ಲ. ಬೇತಾಳವೇ ಎಲ್ಲರ ತಲೆಯಲ್ಲಿ ಕೂತಿತ್ತು.

ಆಮೇಲೆ ರಾಮಾಯಣಕ್ಕೆ ಪಾತ್ರಗಳ ಹುಡುಕಾಟ ಶುರುವಾಯ್ತು. ರಾವಣ ಯಾರು? ಅಮರೀಶ್ ಪುರಿ ಹೆಸರು ಓಡಾಡುತ್ತಿತ್ತು. ಆ ಕಾಲದಲ್ಲಿ ರಾವಣ ಅಂದ ಕೂಡಲೇ ಯಾರಿಗಾದರೂ ಹೊಳೆಯುವ ಹೆಸರೇ ಅದು. ತ್ರಿವೇದಿ ಹೋಗಿದ್ದು ಬೇರೇನೋ ಕೇಳೋಕೆ. ಅವರಿಗೆ ಬೇಕಾಗಿದ್ದದ್ದು ಕೇವಟನ ಪಾತ್ರ. ಕೇವಟ ಅಂದರೆ ರಾಮನನ್ನು ಗಂಗೆ ದಾಟಿಸಿದ ಅಂಬಿಗ. ಅಲ್ಲಿ ರಾಮನ ಪಾದ ತೊಳೆಯುವ ದೃಶ್ಯವಿದೆ, ರಾಮಭಕ್ತನಾದ ನಟನಿಗೆ ಅದಕ್ಕಿಂತ ಇನ್ನೇನು ಬೇಕು? ಅವರೇ ಹೇಳಿಕೊಂಡ ಹಾಗೆ, ಸಾಗರ್ ಕೈಗೊಂದು ಸ್ಕ್ರಿಪ್ಟ್ ಕೊಟ್ಟು ಓದಿಸಿದರು, ಓದಿ ಮುಗಿಸಿ ಎದ್ದು ಹೊರಟಾಗ ಹಿಂದಿನಿಂದ ಅವರ ನಡಿಗೆ ನೋಡಿ, ನನ್ನ ಲಂಕೇಶ ಸಿಕ್ಕಿದ ಅಂದುಬಿಟ್ಟರಂತೆ. (ನಮ್ಮಲ್ಲಿ ಲಂಕೇಶ್ ಅಂದರೆ ಬೇರೆಯೇ ಚಿತ್ರ ಕಣ್ಮುಂದೆ ಬರುತ್ತೆ, ಅದಿರಲಿ.) ಪಾದ ತೊಳೆಯೋಕೆ ಹೋದವನಿಗೆ ಬಾಣ ಬಿಡೋ ಕೆಲಸ ಸಿಕ್ಕಿತು.

1987ರ ಜನವರಿ 25, ಭಾನುವಾರ, ಬೆಳಗ್ಗೆ 9.30. ಅಲ್ಲಿಂದ 1988ರ ಜುಲೈ 31ರವರೆಗೆ 78 ಕಂತು. ಮೊದಲು ಒಪ್ಪಿಗೆ ಸಿಕ್ಕಿದ್ದು 52ಕ್ಕೆ, ಜನ ಬಿಡಲಿಲ್ಲ, ಬೆಳೆಯುತ್ತಾ ಹೋಯ್ತು. ಚಿತ್ರೀಕರಣ ಗುಜರಾತ್-ಮಹಾರಾಷ್ಟ್ರ ಗಡಿಯ ಉಮರ್‌ಗಾಂವ್ ಎಂಬ ಕಡಲತಡಿಯ ಊರಲ್ಲಿ. ಆ ಭಾನುವಾರಗಳ ಬಗ್ಗೆ ನಿಮಗೆ ನಾನೇನು ಹೇಳಲಿ? ಆಗ ನಮ್ಮ ಕರ್ನಾಟಕದಲ್ಲಿ ಬೀದಿಗೊಂದೋ ಎರಡೋ ಟಿವಿ. ಹಿಂದಿ ಅರ್ಧಂಬರ್ಧ. ಆದರೂ ಟಿವಿ ಇದ್ದ ಮನೆಯ ಹಜಾರ ತುಂಬಿ, ಕಿಟಕಿಯಲ್ಲೂ ತಲೆಗಳು. ಅಜ್ಜಿಯರು ಸ್ನಾನ ಮಾಡಿ, ಟಿವಿಗೆ ಹೂವು ಮುಡಿಸಿ ಕೂರುತ್ತಿದ್ದರು. ಭಾಷೆ ಬಾರದಿದ್ದರೇನು, ಕಥೆ ನಮ್ಮದೇ ತಾನೇ? ಕರೆಂಟು ಹೋದರೆ ಮಾತ್ರ ರಾವಣನಿಗೂ ಬೀಳದ ಬೈಗುಳ ಕೆಇಬಿಯವರಿಗೆ ಬೀಳುತ್ತಿತ್ತು.

ಈಗ ಒಂದು ಪ್ರಶ್ನೆ. ಅದೇ ಧಾರಾವಾಹಿಯಲ್ಲಿ ಎಷ್ಟೊಂದು ರಾಕ್ಷಸರಿದ್ದರು. ಇಂದ್ರಜಿತುವಾಗಿ 'ಯಾದೋಂ ಕಿ ಬಾರಾತ್' ಸಿನಿಮಾದ ನಾಯಕ ವಿಜಯ್ ಅರೋರಾ, ಕುಂಭಕರ್ಣನಾಗಿ ನಳಿನ್ ದವೆ. ಯಾರೂ ಕಳಪೆಯಲ್ಲ. ಆದರೆ ಜನರ ಮನಸ್ಸಲ್ಲಿ ಉಳಿದದ್ದು ರಾವಣ. ಯಾಕೆ?

ನನ್ನ ಅಭಿಪ್ರಾಯ ಹೇಳ್ತೀನಿ. ತ್ರಿವೇದಿಯವರು ರಾವಣನನ್ನು ಕೆಟ್ಟವನು ಅಂತ ಆಡಲಿಲ್ಲ. ರಾಜ ಅಂತ ಆಡಿದರು. ಗಮನಿಸಿ ನೋಡಿ. ಸಿಂಹಾಸನದಲ್ಲಿ ಕೂರುವ ರೀತಿ, ನಿಧಾನಕ್ಕೆ ತಿರುಗುವ ಕುತ್ತಿಗೆ, ಎದುರಿಗಿದ್ದವನ ಮಾತು ಪೂರ್ತಿ ಕೇಳಿ ಆಮೇಲೆ ಬಾಯಿ ಬಿಡುವ ಗತ್ತು. ಆ ನಗು ಇದೆಯಲ್ಲ, ಅದು ಹುಚ್ಚನ ನಗು ಅಲ್ಲ, ಸೋಲೇ ಕಾಣದವನ ನಗು. ಮಗ ಇಂದ್ರಜಿತು ಸತ್ತ ಮೇಲೆ ಅದೇ ಮುಖ ನೋಡಿ. ಅಲ್ಲಿ ಖಳನಾಯಕ ಇಲ್ಲ, ಒಬ್ಬ ಅಪ್ಪ ಇದ್ದಾನೆ. ಹಿಂದಿ ಸಿನಿಮಾದ ವಿಲನ್ ಆಗಿದ್ದರೆ ಆ ಜಾಗದಲ್ಲಿ ಹಲ್ಲು ಕಡಿದು ಕಿರುಚುತ್ತಿದ್ದ. ಇವರ ರಾವಣ ಅಳುತ್ತಾನೆ. ಮನೆಮನೆಯಲ್ಲಿ ರಾಮನಿಗೆ ಕೈಮುಗಿಯುತ್ತಿದ್ದವರೇ ಒಂದು ನಿಮಿಷ ಸುಮ್ಮನಾಗುತ್ತಿದ್ದರು.

ಇದು ನಮಗೆ ಕನ್ನಡದವರಿಗೆ ಹೊಸದಾ? ಖಂಡಿತ ಅಲ್ಲ. ರಾವಣನಿಗೆ ನ್ಯಾಯ ಕೊಟ್ಟ ನೆಲ ಇದು. ಒಂಬೈನೂರು ವರ್ಷಗಳ ಹಿಂದೆಯೇ ನಾಗಚಂದ್ರ 'ರಾಮಚಂದ್ರ ಚರಿತ ಪುರಾಣ' ಬರೆದಾಗ, ತಪ್ಪು ಮಾಡಿ, ತಪ್ಪು ಅಂತ ಅರಿವಾಗಿ, ಸೀತೆಯನ್ನು ಹಿಂದಿರುಗಿಸುವ ಮನಸ್ಸಾದರೂ ಯುದ್ಧದಲ್ಲಿ ಗೆದ್ದೇ ಒಪ್ಪಿಸಬೇಕು ಅನ್ನೋ ಅಭಿಮಾನದಲ್ಲಿ ಕೆಡುವ ರಾವಣನನ್ನು ಕೊಟ್ಟ. ಬಿ.ಎಂ.ಶ್ರೀಯವರು ಆ ರಾವಣನಲ್ಲಿ ಗ್ರೀಕ್ ದುರಂತ ನಾಯಕನನ್ನು ಕಂಡರು. ಕುವೆಂಪು 'ಶ್ರೀರಾಮಾಯಣ ದರ್ಶನಂ'ನಲ್ಲಿ ಇನ್ನೂ ಮುಂದೆ ಹೋಗಿ, ರಾವಣನಿಗೆ ಸೀತೆಯಲ್ಲಿ ತಾಯಿ ಕಾಣುವ ಹಾಗೆ ಮಾಡಿದರು. ಗೋಕರ್ಣಕ್ಕೆ ಹೋದರೆ ಆತ್ಮಲಿಂಗದ ಕಥೆಯಲ್ಲಿ ರಾವಣ ಶಿವಭಕ್ತ. 1958ರ 'ಭೂಕೈಲಾಸ'ದಲ್ಲಿ ಆ ರಾವಣ ಯಾರು? ಸಾಕ್ಷಾತ್ ಡಾ. ರಾಜ್‌ಕುಮಾರ್! ತೆಲುಗಿನಲ್ಲಿ ಎನ್.ಟಿ.ಆರ್. ರಾಜ್ ಕೂಡ ಗುಬ್ಬಿ ಕಂಪನಿಯಲ್ಲಿ ಪಳಗಿದ ದನಿ. ಇನ್ನು ಕರಾವಳಿಯ ತಾಳಮದ್ದಲೆಗೆ ಹೋದರಂತೂ ಕೇಳಲೇಬೇಡಿ. ಶೇಣಿ ಗೋಪಾಲಕೃಷ್ಣ ಭಟ್ಟರು ರಾವಣನಾಗಿ ಅರ್ಥ ಹೇಳೋಕೆ ಕೂತರೆ ರಾಮನ ಪಾತ್ರಧಾರಿಗೆ ಬೆವರು. ವೇಷವಿಲ್ಲ, ಕಿರೀಟವಿಲ್ಲ, ಬರೀ ಮಾತು. ರಾವಣನ ವಾದ ಏನು ಅಂತ ಪೂರ್ತಿ ಕೇಳಿ, ಆಮೇಲೆ ರಾಮ ಗೆಲ್ಲಲಿ ಅನ್ನೋದು ಆ ಪ್ರೇಕ್ಷಕರ ಮರ್ಯಾದೆ.

ಇವತ್ತಿನ ಟಿವಿ ಚರ್ಚೆಗಳನ್ನು ನೋಡುವಾಗ ನನಗೆ ಇದು ನೆನಪಾಗುತ್ತೆ. ನಾನೂ ಅದೇ ಅಂಗಡಿಯಲ್ಲಿ ಕೂತವನು, ಗೊತ್ತು. ಇಲ್ಲಿ ಸಂಜೆ ಏಳಕ್ಕೆ ರಾವಣ ಯಾರು ಅಂತ ತೀರ್ಮಾನವಾದರೆ ಎಂಟಕ್ಕೆ ಸುಟ್ಟಾಗಿರುತ್ತೆ. ಅವನ ಮಾತು ಕೇಳೋಕೆ ಬ್ರೇಕ್ ಅಡ್ಡ ಬರುತ್ತೆ.

ತ್ರಿವೇದಿಯವರಿಗೆ ವಾಪಸ್ ಬರೋಣ. ಅವರ ಕಷ್ಟ ಬೇರೆಯೇ ಇತ್ತು. ಮನುಷ್ಯ ರಾಮಭಕ್ತ, ಶಿವಭಕ್ತ. ಕ್ಯಾಮೆರಾ ಮುಂದೆ ನಿಂತು ರಾಮನನ್ನು ವನವಾಸಿ, ತಪಸ್ವಿ ಅಂತ ಹೀಯಾಳಿಸಬೇಕು, ಸೀತೆಯನ್ನು ಎಳೆದೊಯ್ಯಬೇಕು. ಶೂಟಿಂಗಿಗೆ ಮುನ್ನ ದೇವರಲ್ಲಿ ಕ್ಷಮೆ ಕೇಳಿಕೊಳ್ಳುತ್ತಿದ್ದೆ ಅಂತ ಸಂದರ್ಶನಗಳಲ್ಲಿ ಹೇಳಿದ್ದಾರೆ. ಭಾರದ ಕಿರೀಟ, ಮೈತುಂಬ ಒಡವೆ, ಗಂಟೆಗಟ್ಟಲೆ ಮೇಕಪ್ಪು. ಕೊನೆಕೊನೆಗೆ ಚಿತ್ರೀಕರಣದ ಒತ್ತಡ ಎಷ್ಟಿತ್ತೆಂದರೆ ರಾತ್ರಿಯೆಲ್ಲಾ ಕೆಲಸ ಮಾಡಿ ಕ್ಯಾಸೆಟ್ಟನ್ನು ದೆಹಲಿಗೆ ಓಡಿಸಬೇಕಾಗಿತ್ತು. ಯುದ್ಧಕಾಂಡ ಎಳೆದಷ್ಟೂ ರಾವಣನ ಕೆಲಸ ಜಾಸ್ತಿ. ನಮ್ಮ ಯಕ್ಷಗಾನದಲ್ಲಿ ರಾವಣನ ವೇಷ ಹಾಕುವವರು ಚೌಕಿಯಲ್ಲಿ ಗಣಪತಿಗೆ ಕೈಮುಗಿದೇ ಕಿರೀಟ ಏರಿಸೋದು. ಅದೇ ಸಂಪ್ರದಾಯದ ಇನ್ನೊಂದು ರೂಪ ಇದು, ಅಷ್ಟೆ.

ಹಾಗೆ ಹಾಕಿದ ವೇಷ ಕಳಚಲಿಲ್ಲ. ಬೀದಿಯಲ್ಲಿ ಹೋದರೆ ಲಂಕಾಪತಿ. ಮಕ್ಕಳನ್ನು ರಾವಣನ ಮಕ್ಕಳು ಅಂತಿದ್ದರು, ಹೆಂಡತಿಯನ್ನು ಮಂಡೋದರಿ ಅಂತಿದ್ದರು ಅಂತ ಅವರೇ ಹೇಳಿದ್ದಾರೆ. ಇದನ್ನು ಅವರು ಬೇಸರದಿಂದ ಹೇಳಲಿಲ್ಲ, ಹೆಮ್ಮೆಯಿಂದ ಹೇಳಿದರು. ಆದರೆ ಆ ಧಾರಾವಾಹಿಯ ಉಳಿದವರನ್ನು ಕೇಳಿದರೆ ಇನ್ನೊಂದು ಮುಖ ಕಾಣುತ್ತೆ. ರಾಮನಾದ ಅರುಣ್ ಗೋವಿಲ್‌ಗೆ ಸಿನಿಮಾದಲ್ಲಿ ಮಾಮೂಲಿ ಪಾತ್ರಗಳೇ ಕಡಿಮೆಯಾದವು. ರಾಮ ಪ್ಯಾಂಟು ಹಾಕಿಕೊಂಡು ಹೀರೊಯಿನ್ ಜೊತೆ ಮರ ಸುತ್ತಿದರೆ ಜನ ಒಪ್ಪುತ್ತಾರಾ? ಸೀತೆಯಾದ ದೀಪಿಕಾ ನಮ್ಮಲ್ಲಿಗೆ ಬಂದರು. 'ಇಂದ್ರಜಿತ್'ನಲ್ಲಿ ಅಂಬರೀಶ್ ಜೊತೆ, 1990ರ 'ಹೊಸ ಜೀವನ'ದಲ್ಲಿ ಶಂಕರ್‌ನಾಗ್ ಜೊತೆ. ಕನ್ನಡದ ಜನ ಅವರನ್ನು ನಾಯಕಿಯಾಗಿ ಒಪ್ಪಿಕೊಂಡರು, ಆದರೂ ಥಿಯೇಟರ್ ಹೊರಗೆ ಮಾತಾಡುವಾಗ ಅವರು ಸೀತೆಯೇ.

ಈ ಜನಪ್ರಿಯತೆಯನ್ನು ಮೊದಲು ಮೂಸಿದ್ದು ಯಾರು? ರಾಜಕಾರಣಿಗಳು. 1988ರ ಅಲಹಾಬಾದ್ ಉಪಚುನಾವಣೆಯಲ್ಲಿ ಅರುಣ್ ಗೋವಿಲ್ ಕಾಂಗ್ರೆಸ್ ಪರ ಪ್ರಚಾರ ಮಾಡಿದರು. ಗೆದ್ದಿದ್ದು ವಿ.ಪಿ.ಸಿಂಗ್. ಅಂದರೆ ರಾಮನೇ ಬಂದು ಕೇಳಿದರೂ ಜನ ಬೇಕಾದವರಿಗೆ ವೋಟು ಹಾಕಿದರು. 1991ಕ್ಕೆ ಹೊತ್ತಿಗೆ ಗಾಳಿ ತಿರುಗಿತ್ತು. ಸೋಮನಾಥದಿಂದ ಅಡ್ವಾಣಿ ರಥ ಹೊರಟು ವರ್ಷ ತುಂಬಿರಲಿಲ್ಲ. ಬಿಜೆಪಿ ಗುಜರಾತಿನಲ್ಲಿ ಬರೋಡಾದಿಂದ ದೀಪಿಕಾ ಅವರನ್ನು ನಿಲ್ಲಿಸಿತು, ಸಾಬರಕಾಂಠಾದಿಂದ ಅರವಿಂದ್ ತ್ರಿವೇದಿಯವರನ್ನು. ಇಬ್ಬರೂ ಗೆದ್ದರು. ರಾಜ್ಯದ 26 ಸೀಟುಗಳಲ್ಲಿ ಆ ಸಲ ಬಿಜೆಪಿಗೆ 20.

ಒಂದು ಕ್ಷಣ ಯೋಚಿಸಿ. ರಾಮನ ಹೆಸರಿನಲ್ಲಿ ಚುನಾವಣೆ ನಡೆಯುತ್ತಿದ್ದ ಕಾಲ. ಆ ಅಲೆಯಲ್ಲಿ ರಾವಣ ಗೆದ್ದು ಲೋಕಸಭೆಗೆ ಹೋದ. ಸೀತೆ ಮತ್ತು ರಾವಣ ಒಂದೇ ಪಕ್ಷದ ಸಂಸದರು! ಅಣಕ ಮಾಡೋಕೆ ಹೇಳ್ತಿಲ್ಲ. ಮತದಾರ ದಡ್ಡನಲ್ಲ. ಆ ಮನುಷ್ಯ ರಾವಣ ಅಲ್ಲ, ರಾವಣನನ್ನು ಚೆನ್ನಾಗಿ ಆಡಿದ ನಮ್ಮ ಸೀಮೆಯ ಮಗ ಅಂತ ಅವನಿಗೆ ಗೊತ್ತಿತ್ತು. ಆ ವ್ಯತ್ಯಾಸ ಸಾಬರಕಾಂಠಾದ ಹಳ್ಳಿಯವನಿಗೆ ಗೊತ್ತಿತ್ತು, ಸುದ್ದಿಮನೆಗಳಿಗೆ ಕೊನೆವರೆಗೂ ಗೊತ್ತಾಗಲಿಲ್ಲ.

ಸಂಸದರಾಗಿ ಅವರು ದೊಡ್ಡ ಹೆಸರು ಮಾಡಿದರಾ? ಇಲ್ಲ. ಸಂಸತ್ತು ನಟರ ದನಿಗೆ ಬೆಲೆ ಕೊಡುವ ಜಾಗವಲ್ಲ. 1996ಕ್ಕೆ ಆ ಅಧ್ಯಾಯ ಮುಗಿಯಿತು. 2002ರ ಜುಲೈಯಲ್ಲಿ ಸೆನ್ಸಾರ್ ಮಂಡಳಿಯ ಅಧ್ಯಕ್ಷರಾಗಿದ್ದ ವಿಜಯ್ ಆನಂದ್ ರಾಜೀನಾಮೆ ಕೊಟ್ಟು ಹೊರನಡೆದಾಗ, ಹಂಗಾಮಿ ಅಧ್ಯಕ್ಷರಾಗಿ ಕೂತವರು ತ್ರಿವೇದಿ. 2003ರ ಅಕ್ಟೋಬರಿನಲ್ಲಿ ಅನುಪಮ್ ಖೇರ್ ಬರುವವರೆಗೆ, ಹತ್ತಿರತ್ತಿರ ಹದಿನೈದು ತಿಂಗಳು. ಅದೇ ಅವಧಿಯಲ್ಲಿ ಆನಂದ್ ಪಟವರ್ಧನ್ ಅವರ 'ಜಂಗ್ ಔರ್ ಅಮನ್' ಸಾಕ್ಷ್ಯಚಿತ್ರಕ್ಕೆ ಮಂಡಳಿ ಕತ್ತರಿ ಕೇಳಿ, ವಿಷಯ ಕೋರ್ಟಿಗೆ ಹೋಗಿ, 2003ರಲ್ಲಿ ಬಾಂಬೆ ಹೈಕೋರ್ಟು ಒಂದೂ ಕಟ್ ಇಲ್ಲದೆ ಬಿಡುಗಡೆಗೆ ದಾರಿ ಮಾಡಿಕೊಟ್ಟಿತು. ಎದುರಾಳಿಯ ಮಾತನ್ನು ಅಷ್ಟು ಗತ್ತಿನಿಂದ ಆಡಿ ತೋರಿಸಿದ ನಟ ಕೂತಿದ್ದ ಮಂಡಳಿ, ಎದುರು ಮಾತಿಗೆ ಅಷ್ಟು ಅಂಜಬಾರದಿತ್ತು. ಅವರ ಬದುಕಿನಲ್ಲಿ ನನಗೆ ಹಿಡಿಸದ ಪುಟ ಅದೊಂದು.

ಈ ನಡುವೆ ಗುಜರಾತಿ ಸಿನಿಮಾ ಬಿಟ್ಟಿರಲಿಲ್ಲ. 1998ರಲ್ಲಿ 'ದೇಶ್ ರೇ ಜೋಯಾ ದಾದಾ ಪರದೇಶ್ ಜೋಯಾ' ಬಂತು. ಹಳ್ಳಿಗರು ಟ್ರ್ಯಾಕ್ಟರು ಕಟ್ಟಿಕೊಂಡು ನೋಡೋಕೆ ಬಂದಂಥ ಸಿನಿಮಾ ಅಂತ ಅಲ್ಲಿನವರು ಹೇಳ್ತಾರೆ. ಅದರಲ್ಲಿ ತ್ರಿವೇದಿಯವರದು ವಿಲನ್ ಪಾತ್ರವಲ್ಲ, ಮನೆಯ ಹಿರಿಯನದು. ಗುಜರಾತಿನ ಆಚೆ ಯಾರಿಗೂ ಅದು ಗೊತ್ತಾಗಲಿಲ್ಲ. ಭಾಷೆಗಳ ಈ ಗೋಡೆ ನಮಗೇನು ಹೊಸದಲ್ಲ. ಕನ್ನಡದ ಎಷ್ಟು ದೊಡ್ಡ ನಟರು ಬೆಳಗಾವಿ ದಾಟಿದರೆ ಬರೀ ಒಂದು ಹಿಂದಿ ಪಾತ್ರದ ಹೆಸರಿನಿಂದ ಗುರುತಾಗುತ್ತಾರೆ, ಲೆಕ್ಕ ಹಾಕಿ.

ಆಮೇಲೆ ವಯಸ್ಸಾಯ್ತು. ಮೊಣಕಾಲು ಕೈಕೊಟ್ಟಿತು. ಓಡಾಟ ಕಡಿಮೆಯಾಯ್ತು. ಹೊಸ ಚಾನೆಲ್‌ಗಳು ಹೊಸ ರಾಮಾಯಣ ಮಾಡಿದವು, ಹೊಸ ರಾವಣರು ಬಂದರು, ಸಿಕ್ಸ್ ಪ್ಯಾಕ್ ರಾವಣರೂ ಬಂದರು. ಗ್ರಾಫಿಕ್ಸ್‌ನಲ್ಲಿ ಹತ್ತು ತಲೆ ಸಲೀಸಾಗಿ ಮೂಡಿದವು. ಹಳೇ ರಾವಣನ ಹತ್ತು ತಲೆಯ ಟ್ರಿಕ್ ಶಾಟ್ ಈಗ ನೋಡಿದರೆ ಮಕ್ಕಳು ನಗುತ್ತಾರೆ. ಆ ಒಂದು ತಲೆಯ ಕಣ್ಣು ನೋಡಿದರೆ ನಗು ನಿಲ್ಲುತ್ತೆ.

ಇದಕ್ಕೆ ಪುರಾವೆ ಬೇಕಿದ್ದರೆ 2020ಕ್ಕೆ ಬನ್ನಿ. ಲಾಕ್‌ಡೌನ್. ಮಾರ್ಚ್ 28ರಿಂದ ದೂರದರ್ಶನ ಮತ್ತೆ ಅದೇ ರಾಮಾಯಣ ಹಾಕಿತು, ದಿನಕ್ಕೆ ಎರಡು ಸಲ. ಏಪ್ರಿಲ್ 16ರ ಕಂತನ್ನು 7.7 ಕೋಟಿ ಜನ ನೋಡಿದರು, ಇದು ವಿಶ್ವದಾಖಲೆ ಅಂತ ದೂರದರ್ಶನ ಘೋಷಿಸಿತು. ವಿಶ್ವದಾಖಲೆಯೋ ಅಲ್ಲವೋ ಅನ್ನೋದರ ಬಗ್ಗೆ ಆಮೇಲೆ ತಕರಾರು ಬಂತು. ಅದರ ಗೊಡವೆ ಬೇಡ. ಮೂವತ್ತಮೂರು ವರ್ಷ ಹಳೆಯ ಒಂದು ವಿಡಿಯೊ ಟೇಪು, ಬಣ್ಣ ಮಾಸಿದ ಸೆಟ್ಟು, ನಿಧಾನದ ಸಂಭಾಷಣೆ. ಅದು ನಮ್ಮಂಥ ಸುದ್ದಿವಾಹಿನಿಗಳ ಬ್ರೇಕಿಂಗ್ ನ್ಯೂಸನ್ನು ಪಕ್ಕಕ್ಕೆ ತಳ್ಳಿತು. ಕೊರೊನಾ ಲೆಕ್ಕ ಕೇಳಿ ಕೇಳಿ ಹೈರಾಣಾದ ಜನ ರಾತ್ರಿ ಒಂಬತ್ತಕ್ಕೆ ರಿಮೋಟ್ ತಿರುಗಿಸುತ್ತಿದ್ದರು.

ಆ ದಿನಗಳಲ್ಲೇ ಒಂದು ಚಿಕ್ಕ ವಿಡಿಯೊ ಹೊರಬಂತು. ನೀವೂ ನೋಡಿರುತ್ತೀರಿ. ಮನೆಯಲ್ಲಿ ಟಿವಿ ಮುಂದೆ ಕೂತ ಒಬ್ಬ ಮುದುಕರು. ಬಿಳಿ ಕೂದಲು, ಬಡವಾದ ಮೈ. ವಯಸ್ಸು 81. ಟಿವಿಯಲ್ಲಿ ಸೀತಾಪಹರಣ ನಡೆಯುತ್ತಿದೆ. ನಲವತ್ತೆಂಟು-ನಲವತ್ತೊಂಬತ್ತರ ಅರವಿಂದ್ ತ್ರಿವೇದಿ ಸೀತೆಯನ್ನು ಎಳೆದೊಯ್ಯುತ್ತಿದ್ದಾರೆ. ಅದನ್ನು ನೋಡುತ್ತಿರುವ ಅರವಿಂದ್ ತ್ರಿವೇದಿ ಕುರ್ಚಿಯಲ್ಲಿ ಕೂತಲ್ಲೇ, ಪರದೆಯ ಕಡೆಗೆ ಎರಡೂ ಕೈ ಜೋಡಿಸಿದರು.